ನೀವು ಕೇಳಿದಿರಿ: 1979ರಲ್ಲಿ ಏನೇನಾಯಿತು?

ಕಳೆದ ಸಂಚಿಕೆಯಲ್ಲಿ "1979ರ ಜಗತ್ತಿನ ಬಗ್ಗೆ ಏನು ಬೇಕಾದರೂ ಕೇಳಿ" ಅಂದಿದ್ದೆ. ಕಾಗದ, ಇಮೇಲ್, ವಾಟ್ಸಾಪ್ ಎಲ್ಲ ಸೇರಿ ತುಂಬಾ ಪ್ರಶ್ನೆ ಬಂದವು. ಆ ವರ್ಷ ನಾನು ಮಂಗಳೂರಿನ ಒಂದು ದಿನಪತ್ರಿಕೆಯಲ್ಲಿ ರಾತ್ರಿ ಪಾಳಿಯ ಉಪಸಂಪಾದಕ. ಟೆಲಿಪ್ರಿಂಟರಿನಲ್ಲಿ ಪಿಟಿಐ, ಯುಎನ್‌ಐ ಸುದ್ದಿ ಇಂಗ್ಲಿಷಿನಲ್ಲಿ ಉರುಳುರುಳಿ ಬರುತ್ತಿತ್ತು. ಅದನ್ನು ಹರಿದು, ಕನ್ನಡ ಮಾಡಿ, ಮೊಳೆ ಜೋಡಿಸುವವರ ಕೈಗೆ ಕೊಡುವುದು ನನ್ನ ಕೆಲಸ. ಹಾಗಾಗಿ ಆ ವರ್ಷದ ಸುದ್ದಿಗಳು ನನಗೆ ಇನ್ನೂ ಹತ್ತಿರದವು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ.

ಪ್ರಶ್ನೆ: ಎಲ್ಲರೂ 1989ರ ಬಗ್ಗೆ ಹೇಳುತ್ತಾರೆ. ನಮ್ಮ ಮೇಷ್ಟ್ರು ಮಾತ್ರ "1979 ಅದಕ್ಕಿಂತ ದೊಡ್ಡ ವರ್ಷ" ಅಂತಾರೆ. ಯಾಕೆ? — ಎಂ.ಎ. ವಿದ್ಯಾರ್ಥಿನಿ, ಧಾರವಾಡ

ನಿಮ್ಮ ಮೇಷ್ಟ್ರ ಮಾತಿಗೆ ನನ್ನದೂ ಒಪ್ಪಿಗೆ. 1989 ಅಂದರೆ ಬರ್ಲಿನ್ ಗೋಡೆ ಒಡೆಯುವ ಜನರ ಚಿತ್ರ ಎಲ್ಲರ ಕಣ್ಮುಂದೆ ಬರುತ್ತದೆ. 1979ಕ್ಕೆ ಅಂಥ ಒಂದು ಚಿತ್ರ ಇಲ್ಲ. ಸುದ್ದಿಗಳು ಅಲ್ಲೊಂದು ಇಲ್ಲೊಂದು ಚದುರಿಕೊಂಡಿವೆ.

ಜನವರಿ ಒಂದನ್ನೇ ನೋಡಿ. 1ನೇ ತಾರೀಕು ಅಮೆರಿಕ ಮತ್ತು ಕಮ್ಯುನಿಸ್ಟ್ ಚೀನಾ ನಡುವೆ ರಾಜತಾಂತ್ರಿಕ ಸಂಬಂಧ ಶುರುವಾಯಿತು. 7ಕ್ಕೆ ವಿಯೆಟ್ನಾಂ ಸೇನೆ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ಹಿಡಿಯಿತು, ಅಲ್ಲಿನ ಸರ್ವಾಧಿಕಾರಿ ಪೋಲ್ ಪಾಟ್ ಓಡಿಹೋದ. 16ಕ್ಕೆ ಇರಾನಿನ ದೊರೆ ಶಾ ದೇಶ ಬಿಟ್ಟ. ಇಷ್ಟೂ ಸಂಕ್ರಾಂತಿಯ ಆಸುಪಾಸಿನಲ್ಲೇ ಆಗಿಹೋಯಿತು. ಮಾರ್ಚ್ 26ಕ್ಕೆ ಈಜಿಪ್ಟ್ ಮತ್ತು ಇಸ್ರೇಲ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಎರಡೇ ದಿನಕ್ಕೆ ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಅವಘಡ. ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಬ್ರಿಟನ್ನಿನ ಪ್ರಧಾನಿಯಾದರು. ಜೂನ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ತಮ್ಮ ತಾಯ್ನಾಡು ಪೋಲೆಂಡಿಗೆ ಹೋದರು, ಲಕ್ಷಗಟ್ಟಲೆ ಜನ ಸೇರಿದರು. ಮರುವರ್ಷವೇ ಅಲ್ಲಿ ಸಾಲಿಡಾರಿಟಿ ಕಾರ್ಮಿಕ ಸಂಘ ಹುಟ್ಟಿತು. ಜುಲೈಯಲ್ಲಿ ಸದ್ದಾಂ ಹುಸೇನ್ ಇರಾಕಿನ ಅಧ್ಯಕ್ಷನಾದ. ಅದೇ ತಿಂಗಳು ನಿಕರಾಗುವಾದಲ್ಲಿ ಸೊಮೋಜಾ ಕುಟುಂಬದ ಆಡಳಿತ ಬಿತ್ತು. ನವೆಂಬರಿನಲ್ಲಿ ಟೆಹರಾನ್ ಒತ್ತೆಯಾಳುಗಳು, ಮೆಕ್ಕಾದ ಮಸೀದಿಯ ಮುತ್ತಿಗೆ. ಡಿಸೆಂಬರ್ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ.

ಈಗ ಇವತ್ತಿನ ಪೇಪರ್ ಬಿಡಿಸಿ. ಇರಾನ್ ಮತ್ತು ಅಮೆರಿಕದ ಹಗೆ, ಅಫ್ಘಾನಿಸ್ತಾನದ ಗೋಳು, ಚೀನಾದ ಕಾರ್ಖಾನೆಗಳು. ಶೆನ್‌ಜೆನ್ ಸೇರಿ ನಾಲ್ಕು ಕಡೆ ಹೊರದೇಶದ ಬಂಡವಾಳಕ್ಕೆ ಬಾಗಿಲು ತೆರೆಯುವ ವಿಶೇಷ ವಲಯ ಮಾಡುವ ತೀರ್ಮಾನ ಚೀನಾ ತೆಗೆದುಕೊಂಡದ್ದೂ 1979ರಲ್ಲೇ. 1989 ಒಂದು ಕಾಲವನ್ನು ಮುಗಿಸಿತು. 1979 ಶುರು ಮಾಡಿದ್ದು ಇನ್ನೂ ಮುಗಿದಿಲ್ಲ. ಈ ರಾಜಕೀಯ ಸುದ್ದಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇರಾನ್ ಅಂತ ನನ್ನ ಅಭಿಪ್ರಾಯ. ಯಾಕೆ ಅನ್ನುವುದು ಮುಂದಿನ ಪ್ರಶ್ನೆಗಳಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಅಪ್ಪ ಕುದುರೆಮುಖದಲ್ಲಿ ಕೆಲಸಕ್ಕಿದ್ದರು. "ಇರಾನಿನ ರಾಜ ಬಿದ್ದ, ನಮ್ಮ ಅದಿರು ಕೇಳುವವರಿಲ್ಲದ ಹಾಗಾಯ್ತು" ಅನ್ನುತ್ತಿದ್ದರು. ಅಷ್ಟು ದೂರದ ರಾಜನಿಗೂ ನಮ್ಮ ಕಾಡಿಗೂ ಏನು ಸಂಬಂಧ? — ಓದುಗರೊಬ್ಬರು, ಕಳಸ

ನಿಮ್ಮ ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಸಂತೋಷ. ಇರಾನಿನ ಕ್ರಾಂತಿಯ ಬಗ್ಗೆ ಬರೆಯುವವರು ಕುದುರೆಮುಖದ ಹೆಸರು ಎತ್ತುವುದೇ ಇಲ್ಲ.

ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿ ಶಾ ಮಹಮ್ಮದ್ ರೆಜಾ ಪಹ್ಲವಿಯ ಕೈಯಲ್ಲಿ ಬೇಕಾದಷ್ಟು ದುಡ್ಡಿತ್ತು. ಇರಾನನ್ನು ದೊಡ್ಡ ಕೈಗಾರಿಕಾ ದೇಶ ಮಾಡಬೇಕು, ದೊಡ್ಡ ದೊಡ್ಡ ಉಕ್ಕಿನ ಕಾರ್ಖಾನೆ ಕಟ್ಟಬೇಕು ಅನ್ನುವುದು ಅವನ ಹಂಬಲ. ಉಕ್ಕಿಗೆ ಅದಿರು ಬೇಕು. ನಮ್ಮ ಪಶ್ಚಿಮ ಘಟ್ಟದ ಕುದುರೆಮುಖದಲ್ಲಿ ಮ್ಯಾಗ್ನೆಟೈಟ್ ಅದಿರು ಹೇರಳ. ಆದರೆ ಅದರಲ್ಲಿ ಕಬ್ಬಿಣದ ಅಂಶ ಕಡಿಮೆ. ಪುಡಿ ಮಾಡಿ, ತೊಳೆದು, ಸಾಂದ್ರ ಮಾಡಿದರೆ ಮಾತ್ರ ಬೆಲೆ. ಅದಕ್ಕೆ ಭಾರೀ ಬಂಡವಾಳ ಬೇಕು.

1975ರಲ್ಲಿ ಭಾರತ ಮತ್ತು ಇರಾನ್ ಒಪ್ಪಂದ ಮಾಡಿಕೊಂಡವು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುತ್ತದೆ. ನಾವು ಗಣಿ ಮಾಡಿ 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರು ಕೊಡುತ್ತೇವೆ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯಿತು. ಮಳೆಕಾಡಿನ ನಡುವೆ ರಸ್ತೆ, ಟೌನ್‌ಶಿಪ್, ಲಕ್ಯಾ ಅಣೆಕಟ್ಟು. ಅದಿರಿನ ಪುಡಿಯನ್ನು ನೀರಿನ ಜೊತೆ ಕೆಸರು ಮಾಡಿ ಪಣಂಬೂರಿನ ಬಂದರಿಗೆ ಹರಿಸಲು ಘಟ್ಟದಿಂದ ಕಡಲತನಕ 67 ಕಿಲೋಮೀಟರ್ ಪೈಪ್‌ಲೈನ್. ಮಂಗಳೂರಲ್ಲಿ ಆಗ ಎಲ್ಲಿ ನೋಡಿದರೂ ಇದೇ ಮಾತು. ಗುತ್ತಿಗೆದಾರರು, ಲಾರಿಯವರು, ಐಟಿಐ ಮುಗಿಸಿದ ಹುಡುಗರು, ಎಲ್ಲರಿಗೂ ಕುದುರೆಮುಖದ ಮೇಲೆ ಆಸೆ.

ಅಷ್ಟರಲ್ಲಿ 1978ರಲ್ಲಿ ಇರಾನಿನ ಬೀದಿಗಳು ಹೊತ್ತಿಕೊಂಡವು. ಶಾ ಗಡಿಪಾರು ಮಾಡಿದ್ದ ಧರ್ಮಗುರು ಅಯಾತೊಲ್ಲಾ ಖೊಮೇನಿಯ ಭಾಷಣಗಳು ಕ್ಯಾಸೆಟ್‌ಗಳಲ್ಲಿ ಮನೆಮನೆಗೆ ಹೋದವು. ತೈಲ ಬಾವಿಯ ಕಾರ್ಮಿಕರು ಮುಷ್ಕರ ಹೂಡಿದರು. ಶಾ ಹೋದ. 1979ರ ಫೆಬ್ರುವರಿ 1ಕ್ಕೆ ಖೊಮೇನಿ ಪ್ಯಾರಿಸ್ಸಿನಿಂದ ಏರ್ ಫ್ರಾನ್ಸ್ ವಿಮಾನದಲ್ಲಿ ಟೆಹರಾನಿಗೆ ಬಂದಿಳಿದರು. ಹದಿನಾಲ್ಕು ವರ್ಷಕ್ಕೂ ಮೀರಿದ ವನವಾಸ ಮುಗಿದಿತ್ತು. ಫೆಬ್ರುವರಿ 11ಕ್ಕೆ ಶಾ ನೇಮಿಸಿದ್ದ ಕೊನೆಯ ಸರ್ಕಾರವೂ ಬಿತ್ತು. ಹೊಸ ಆಡಳಿತಕ್ಕೆ ಶಾನ ಉಕ್ಕಿನ ಕನಸು ಬೇಕಾಗಿರಲಿಲ್ಲ. ನಮಗೆ ಬರಬೇಕಿದ್ದ ಸಾಲದ ಕಂತುಗಳು ನಿಂತವು. ಅದಿರೂ ಬೇಡವಾಯಿತು.

ಆದರೂ ನಮ್ಮವರು ಕೆಲಸ ನಿಲ್ಲಿಸಲಿಲ್ಲ. ಉಳಿದ ಹಣವನ್ನು ಭಾರತ ಸರ್ಕಾರ ಹಾಕಿತು. 1980ರಲ್ಲಿ ಗಣಿ, ಯಂತ್ರ, ಪೈಪ್‌ಲೈನ್ ಎಲ್ಲ ಸಿದ್ಧ. ಕೊಳ್ಳುವವರು ಮಾತ್ರ ಇಲ್ಲ. ನಿಮ್ಮ ಅಪ್ಪ ಅನುಭವಿಸಿದ್ದು ಆ ಕಾಲವನ್ನು. ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ, 1987ರಲ್ಲಿ ಮಂಗಳೂರಿನಲ್ಲಿ ಉಂಡೆ ಕಟ್ಟುವ ಪೆಲೆಟ್ ಘಟಕ ಶುರುವಾದ ಮೇಲೆ ಕಂಪನಿ ಕಾಲೂರಿತು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿ ಮುಚ್ಚಿತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಕಾಡು ಅದು. ಮುಚ್ಚಿದ್ದು ಸರಿ ಅಂತಲೇ ನನ್ನ ನಿಲುವು. ಆದರೆ ಅಲ್ಲಿ ದುಡಿದವರ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಕೊಳ್ಳುವ ದೇಶವೇ ಕೈಬಿಟ್ಟಾಗಲೂ ಹೇಳಿದ ವೇಳೆಗೆ ಮುಗಿಸಿದರು. ನಿಮ್ಮ ಅಪ್ಪನ ಬಳಿ ಆ ಕಾಲದ ಫೋಟೋ, ಕಾಗದ ಏನಾದರೂ ಇದ್ದರೆ ದಯವಿಟ್ಟು ಬಿಸಾಡಬೇಡಿ.

ಪ್ರಶ್ನೆ: ನಮ್ಮ ಅಜ್ಜ 1980ರಲ್ಲಿ ಬೊಂಬಾಯಿ ಮೂಲಕ ದುಬೈಗೆ ಹೋದರು. ಆ ಹೊತ್ತಿಗೆ ನಮ್ಮೂರಿಂದ ಸುಮಾರು ಜನ ಹೋದರಂತೆ. ಇದಕ್ಕೂ ಇರಾನಿಗೂ ನಂಟು ಇದೆಯಾ? — ಓದುಗರೊಬ್ಬರು, ಭಟ್ಕಳ

ಖಂಡಿತ ಇದೆ. ಇರಾನಿನ ತೈಲ ಮಾರುಕಟ್ಟೆಗೆ ಬರುವುದು ಕಡಿಮೆಯಾದಾಗ ಎಲ್ಲ ದೇಶಗಳಿಗೂ ಗಾಬರಿ. ಸಿಕ್ಕಷ್ಟು ಕೊಂಡು ಕೂಡಿಟ್ಟವು. 1978ರ ಕೊನೆಗೆ ಪೀಪಾಯಿಗೆ 13-14 ಡಾಲರ್ ಇದ್ದ ಬೆಲೆ ಎರಡು ವರ್ಷದೊಳಗೆ 30 ದಾಟಿತು. ಕೊಲ್ಲಿಯ ದೇಶಗಳಿಗೆ ದುಡ್ಡು ಹರಿಯಿತು. ಅವರು ರಸ್ತೆ, ಬಂದರು, ಆಸ್ಪತ್ರೆ, ಮನೆ ಕಟ್ಟತೊಡಗಿದರು. ಕಟ್ಟಲು ಕೈಗಳು ಬೇಕು. 1973ರ ಬೆಲೆ ಏರಿಕೆಯಿಂದಲೇ ನಮ್ಮ ಕರಾವಳಿಯವರು, ಕೇರಳದವರು ಹೋಗುತ್ತಿದ್ದರು. 1979ರ ನಂತರ ಅದು ಇನ್ನೂ ಜಾಸ್ತಿಯಾಯಿತು.

ಇಲ್ಲಿ ಉಳಿದವರ ಕಥೆ ಬೇರೆ. ಅದೇ ಬೆಲೆ ಏರಿಕೆ ನಮ್ಮ ಅಡುಗೆಮನೆಗೆ ಬಂತು. ನಮ್ಮ ದೇಶದಲ್ಲಿ ಆ ವರ್ಷ ಮಳೆಯೂ ಕೈಕೊಟ್ಟಿತ್ತು. ವರ್ಷದ ಕೊನೆಗೆ ಅಸ್ಸಾಂ ಚಳವಳಿಯಿಂದ ಅಲ್ಲಿನ ಕಚ್ಚಾ ತೈಲವೂ ನಿಂತಿತು. ರೇಷನ್ ಅಂಗಡಿ ಮುಂದೆ ಚಿಮಿಣಿ ಎಣ್ಣೆಗೆ ಹೆಂಗಸರು ಡಬ್ಬ ಹಿಡಿದು ನಿಲ್ಲುತ್ತಿದ್ದರು. ಡೀಸೆಲ್ ಇಲ್ಲದೆ ಪಂಪ್‌ಸೆಟ್ ನಿಂತವು. ಆಫೀಸಿನಲ್ಲಿ ನಾನು "ಒಪೆಕ್ ಮತ್ತೆ ದರ ಏರಿಕೆ" ಅಂತ ತಲೆಬರಹ ಕೊಡುತ್ತಿದ್ದೆ (ಒಪೆಕ್ ಅಂದರೆ ತೈಲ ಮಾರುವ ದೇಶಗಳ ಕೂಟ). ಮನೆಯಲ್ಲಿ ನನ್ನ ಹೆಂಡತಿ ಎರಡು ಬತ್ತಿಯ ಸ್ಟವ್ ಬಿಟ್ಟು ಸೌದೆ ಒಲೆಗೆ ಹೋಗಿದ್ದಳು. ಒಂದೇ ಎಣ್ಣೆ ಒಂದು ಮನೆಯ ಮಗನನ್ನು ದುಬೈಗೆ ಕರೆದುಕೊಂಡು ಹೋಯಿತು, ಪಕ್ಕದ ಮನೆಯ ಒಲೆ ಆರಿಸಿತು. ಆ ವರ್ಷದ ಬಗ್ಗೆ ಬರೆಯುವಾಗ ಎರಡನ್ನೂ ಬರೆಯಬೇಕು.

ಪ್ರಶ್ನೆ: ಇರಾನಿನ ಹೆಂಗಸರು ಆಗ ಏನೂ ಮಾತಾಡಲಿಲ್ಲವೇ? ಸುಮ್ನೆ ಒಪ್ಪಿಕೊಂಡರೇ? — ಶಿಕ್ಷಕಿ, ಮೈಸೂರು

ಒಪ್ಪಿಕೊಳ್ಳಲಿಲ್ಲ. ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಶಾನ ವಿರುದ್ಧ ಬೀದಿಗಿಳಿದವರಲ್ಲಿ ಹೆಂಗಸರು ಬಹಳ ಮಂದಿ. ಅವರ ಪೈಕಿ ಎಷ್ಟೋ ಮಂದಿ ಶಾನ ದರ್ಪದ ವಿರುದ್ಧದ ಗುರುತಾಗಿ ತಾವಾಗಿಯೇ ತಲೆಯಿಂದ ಕಾಲತನಕ ಮುಚ್ಚುವ ಚಾದರ ಹೊದ್ದು ಬಂದಿದ್ದರು. ಗೆದ್ದು ತಿಂಗಳು ಕಳೆಯುವುದರೊಳಗೆ, ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸರು ತಲೆ ಮುಚ್ಚಬೇಕು ಅಂತ ಖೊಮೇನಿಯ ಮಾತು ಬಂತು. ಮದುವೆ, ವಿಚ್ಛೇದನದಲ್ಲಿ ಹೆಂಗಸರಿಗೆ ಸ್ವಲ್ಪ ರಕ್ಷಣೆ ಕೊಟ್ಟಿದ್ದ ಕಾನೂನನ್ನು ಅದಕ್ಕೂ ಮೊದಲೇ ಬದಿಗಿಟ್ಟಿದ್ದರು. ಖೊಮೇನಿಯ ಮಾತು ಬಂದ ಮಾರನೇ ದಿನ ಮಾರ್ಚ್ 8, ಮಹಿಳಾ ದಿನ. ಸಾವಿರಾರು ಹೆಂಗಸರು ಟೆಹರಾನಿನ ಬೀದಿಗೆ ಬಂದರು. ದಾದಿಯರು, ವಕೀಲರು, ವಿದ್ಯಾರ್ಥಿನಿಯರು, ಗುಮಾಸ್ತೆಯರು. ಬೈಗುಳ ಬಂತು, ಕಲ್ಲು ಬಿದ್ದವು. ಆದರೂ ಮೆರವಣಿಗೆ ಹಲವು ದಿನ ನಡೆಯಿತು. ಸರ್ಕಾರ ಆಗ ಹಿಂದೆ ಸರಿಯಿತು, "ಕಡ್ಡಾಯ ಅಲ್ಲ" ಅಂದಿತು. ಮರುವರ್ಷ ಕಚೇರಿಗಳಲ್ಲಿ ಕಡ್ಡಾಯವಾಯಿತು, ಆಮೇಲೆ ಕಾನೂನೇ ಬಂತು. ಶಾನ ಕಾಲದಲ್ಲಿ ಇರಾನಿನ ಮೊದಲ ಮಹಿಳಾ ಮಂತ್ರಿಯಾಗಿದ್ದ ಫರೋಖ್‌ರೂ ಪಾರ್ಸಾ ಅವರನ್ನು 1980ರ ಮೇ ತಿಂಗಳಲ್ಲಿ ಕೊಂದರು. ಅವರು ಶಿಕ್ಷಣ ಮಂತ್ರಿಯಾಗಿದ್ದರು, ಅದಕ್ಕೂ ಮೊದಲು ನಿಮ್ಮ ಹಾಗೆ ಶಿಕ್ಷಕಿ.

2022ರಲ್ಲಿ ತಲೆವಸ್ತ್ರ ಸರಿಯಿಲ್ಲ ಅಂತ ಹಿಡಿದಿದ್ದ ಮಹ್ಸಾ ಅಮೀನಿ ಪೊಲೀಸ್ ವಶದಲ್ಲಿ ಸತ್ತಾಗ "ಹೆಣ್ಣು, ಬದುಕು, ಸ್ವಾತಂತ್ರ್ಯ" ಅಂತ ಕೂಗಿದ ಹುಡುಗಿಯರನ್ನು ನೋಡಿ, ಇದೆಲ್ಲ ಹೊಸದು ಅಂದುಕೊಂಡವರು ಜಾಸ್ತಿ. ಅವರ ಅಜ್ಜಿಯರ ವಯಸ್ಸಿನವರು ಅದೇ ಬೀದಿಗಳಲ್ಲಿ ಮೊದಲೇ ನಡೆದಿದ್ದರು.

ಪ್ರಶ್ನೆ: ಒತ್ತೆಯಾಳು ಪ್ರಕರಣ ಚಿಕ್ಕದಾಗಿ ಹೇಳಿ. — ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ವಿಜಯಪುರ

ಕಾಯಿಲೆ ಬಿದ್ದಿದ್ದ ಶಾಗೆ ಕ್ಯಾನ್ಸರ್ ಚಿಕಿತ್ಸೆ ಪಡೆಯಲು ಅಮೆರಿಕ ಅಕ್ಟೋಬರಿನಲ್ಲಿ ಒಳಗೆ ಬಿಟ್ಟಿತು. ಅವನನ್ನು ಒಪ್ಪಿಸಿ ಅಂತ ನವೆಂಬರ್ 4ಕ್ಕೆ ವಿದ್ಯಾರ್ಥಿಗಳು ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಗೆ ನುಗ್ಗಿ 66 ಜನರನ್ನು ಹಿಡಿದರು. ಕೆಲವರನ್ನು ಬಿಟ್ಟರು. 52 ಜನ 444 ದಿನ ಒಳಗಿದ್ದರು. 1981ರ ಜನವರಿ 20ಕ್ಕೆ, ರೇಗನ್ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡ ದಿನ, ಬಿಡುಗಡೆ. ಪರೀಕ್ಷೆಗೆ ಇಷ್ಟು ಸಾಕು. ಬಿಡುವಾದಾಗ 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಗ್ ಅವರನ್ನು ಅಮೆರಿಕ, ಬ್ರಿಟನ್ ಸೇರಿ ಹೇಗೆ ಇಳಿಸಿದವು ಅನ್ನುವುದನ್ನೂ ಓದಿ. ಆ ಸಿಟ್ಟಿಲ್ಲದೆ 1979 ಇಲ್ಲ.

ಪ್ರಶ್ನೆ: ಸ್ಕೈಲ್ಯಾಬ್ ನಮ್ಮೂರಿನ ಮೇಲೆ ಬೀಳುತ್ತದೆ ಅಂತ ಕೋಳಿ ಕುರಿ ಎಲ್ಲ ಕೊಯ್ದು ತಿಂದಿದ್ದರಂತೆ. ಅಷ್ಟು ಭಯ ಇತ್ತಾ? — ಓದುಗರೊಬ್ಬರು, ಹಾಸನ

ಇತ್ತು. ಆ ಭಯವನ್ನು ಈಗ ಹಗುರವಾಗಿ ನೋಡುವುದು ನನಗೆ ಇಷ್ಟವಿಲ್ಲ.

ಸ್ಕೈಲ್ಯಾಬ್ ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ. 1973ರಲ್ಲಿ ಹಾರಿಸಿದ್ದು, ತೂಕ ಸುಮಾರು 77 ಟನ್. ಸೂರ್ಯನ ಚಟುವಟಿಕೆ ಅಂದುಕೊಂಡದ್ದಕ್ಕಿಂತ ಜೋರಾಯಿತು. ವಾತಾವರಣದ ಮೇಲ್ಪದರ ಬಿಸಿಯಾಗಿ ಉಬ್ಬಿ, ನಿಲ್ದಾಣವನ್ನು ಎಳೆದು ಎಳೆದು ಕೆಳಗಿಳಿಸಿತು. ಅದನ್ನು ಮೇಲಕ್ಕೆ ತಳ್ಳಬೇಕಿದ್ದ ಸ್ಪೇಸ್ ಷಟಲ್ ಇನ್ನೂ ತಯಾರಾಗಿರಲಿಲ್ಲ. ಎಲ್ಲಿ ಬೀಳುತ್ತದೆ ಅಂತ ನಾಸಾಗೂ ಕೊನೆ ಗಳಿಗೆಯವರೆಗೆ ಖಚಿತವಿರಲಿಲ್ಲ. ಅದು ಸುತ್ತುವ ದಾರಿಯ ಕೆಳಗೆ ಭಾರತ ಪೂರ್ತಿ ಬರುತ್ತಿತ್ತು. ಇಲ್ಲಿ ಪೊಲೀಸರನ್ನು ಎಚ್ಚರದಲ್ಲಿಟ್ಟಿದ್ದರು.

ಆಗ ನಮ್ಮ ಮಂಗಳೂರಿನಲ್ಲಿ ಟಿವಿ ಇರಲಿಲ್ಲ. ರೇಡಿಯೋ, ಪೇಪರ್, ಆಮೇಲೆ ಬಾಯಿಮಾತು. ಹಳ್ಳಿಯ ಒಬ್ಬ ತಾಯಿಗೆ ಸರ್ಕಾರವೇ "ಎಚ್ಚರವಾಗಿರಿ, ಎಲ್ಲಿ ಬೀಳುತ್ತದೋ ಗೊತ್ತಿಲ್ಲ" ಅಂದರೆ ಅವಳು ಏನು ಮಾಡಬೇಕು? ಮಕ್ಕಳಿಗೆ ಒಂದು ಒಳ್ಳೆಯ ಊಟ ಹಾಕುತ್ತಾಳೆ. ಅದು ಮೂಢನಂಬಿಕೆ ಅಲ್ಲ. ಜುಲೈ 11ರ ರಾತ್ರಿ ಫೋನ್ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಉಪ್ಪಿನಂಗಡಿಯಿಂದ, ಕಾರ್ಕಳದಿಂದ, ಎಲ್ಲರದೂ ಒಂದೇ ಪ್ರಶ್ನೆ. ನಮ್ಮ ಸಮಯ ಸುಮಾರು ಹತ್ತು ಗಂಟೆಗೆ ಅದು ಹಿಂದೂ ಮಹಾಸಾಗರದ ಮೇಲೆ ಒಡೆದು, ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಸುತ್ತಮುತ್ತ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಎಸ್ಪೆರೆನ್ಸ್ ಊರಾಡಳಿತ ಕಸ ಹಾಕಿದ್ದಕ್ಕೆ ಅಂತ ನಾಸಾಗೆ 400 ಡಾಲರ್ ದಂಡದ ಚೀಟಿ ಕೊಟ್ಟಿತು. ಅಲ್ಲಿನ ಹದಿನೇಳರ ಹುಡುಗನೊಬ್ಬ ತನ್ನ ಮನೆಯ ಮೇಲೆ ಬಿದ್ದ ಚೂರನ್ನು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದಕ್ಕೆ ತಲುಪಿಸಿ 10,000 ಡಾಲರ್ ಬಹುಮಾನ ಗೆದ್ದ.

ಪ್ರಶ್ನೆ: ವಾಜಪೇಯಿ ಚೀನಾದಲ್ಲಿ ಇದ್ದಾಗಲೇ ಚೀನಾ ಯುದ್ಧ ಮಾಡಿತ್ತಂತೆ, ಹೌದಾ? ಪೋಲ್ ಪಾಟ್ ಬಗ್ಗೆಯೂ ಹೇಳಿ. — ಓದುಗರೊಬ್ಬರು, ಬೀದರ್

ಹೌದು. ಎರಡೂ ಒಂದೇ ಕಥೆ.

ಪೋಲ್ ಪಾಟನ ಕಮ್ಯುನಿಸ್ಟ್ ಗುಂಪು ಖ್ಮೇರ್ ರೂಜ್ 1975ರ ಏಪ್ರಿಲ್‌ನಲ್ಲಿ ಕಾಂಬೋಡಿಯಾ ಹಿಡಿಯಿತು. ರಾಜಧಾನಿಯ ಜನರನ್ನೆಲ್ಲ, ಆಸ್ಪತ್ರೆಯ ರೋಗಿಗಳನ್ನೂ ಬಿಡದೆ, ಹೊಲಗಳಿಗೆ ಅಟ್ಟಿತು. ನಾಲ್ಕು ವರ್ಷ ತುಂಬುವುದರೊಳಗೆ ಹಸಿವು, ದುಡಿತ, ಕೊಲೆಯಿಂದ ಸುಮಾರು 17 ಲಕ್ಷ ಜನ ಸತ್ತರು. ವಿಯೆಟ್ನಾಂ ಸೇನೆ ಒಳಗೆ ಬಂದಾಗ ನಾಮ್ ಪೆನ್‌ನ ತುಯೋಲ್ ಸ್ಲೆಂಗ್ ಜೈಲು ಬೆಳಕಿಗೆ ಬಂತು. ಅದು ಮೊದಲು ಶಾಲೆಯಾಗಿತ್ತು.

ಪೋಲ್ ಪಾಟ್ ಚೀನಾದ ಗೆಳೆಯ. ಅವನನ್ನು ಕೆಳಗಿಳಿಸಿದ ವಿಯೆಟ್ನಾಂಗೆ "ಪಾಠ ಕಲಿಸುತ್ತೇವೆ" ಅಂತ ಚೀನಾ ಫೆಬ್ರುವರಿ 17ಕ್ಕೆ ದಾಳಿ ಮಾಡಿತು. ನಮ್ಮ ವಿದೇಶಾಂಗ ಮಂತ್ರಿ ಅಟಲ್ ಬಿಹಾರಿ ವಾಜಪೇಯಿ ಆಗ ಚೀನಾದಲ್ಲೇ ಇದ್ದರು. 1962ರ ಯುದ್ಧದ ನಂತರ ಭಾರತದ ವಿದೇಶಾಂಗ ಮಂತ್ರಿ ಚೀನಾಕ್ಕೆ ಹೋದದ್ದು ಅದೇ ಮೊದಲು. ಅವರು ಪ್ರವಾಸ ಮೊಟಕು ಮಾಡಿ ವಾಪಸ್ ಬಂದರು. ಒಂದು ತಿಂಗಳಲ್ಲಿ ಚೀನಾ ಸೇನೆ ಹಿಂದೆ ಸರಿಯಿತು.

ನನ್ನನ್ನು ಇವತ್ತಿಗೂ ಕಾಡುವುದು ಅದರ ಮುಂದಿನದು. ಆ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ಯಾರಿಗೆ ಅಂತ ಮತ ಹಾಕಿದರು. 71 ದೇಶಗಳು ಪೋಲ್ ಪಾಟನ ಕಡೆಯವರಿಗೇ ಇರಲಿ ಅಂದವು, 35 ವಿರುದ್ಧ. ಅಮೆರಿಕ, ಬ್ರಿಟನ್, ಚೀನಾ ಮೂರೂ ಆ 71ರಲ್ಲಿ ಇದ್ದವು. ಸೋವಿಯತ್ ಗೆಳೆಯ ವಿಯೆಟ್ನಾಂ ಗೆಲ್ಲಬಾರದು ಅನ್ನುವ ಒಂದೇ ಕಾರಣಕ್ಕೆ, ಸ್ವಂತ ಜನರನ್ನು ಕೊಂದವರಿಗೆ ಜಗತ್ತಿನ ಸಭೆಯಲ್ಲಿ ಜಾಗ ಉಳಿಯಿತು. ಯಾವ ಲೆಕ್ಕದಲ್ಲೂ ಇದು ನ್ಯಾಯವಲ್ಲ.

ಪ್ರಶ್ನೆ: ಭುಟ್ಟೋ ಗಲ್ಲು ಸರಿಯೇ? ಇದಿ ಅಮೀನ್ ಏನಾದ? — ಓದುಗರೊಬ್ಬರು, ತುಮಕೂರು

ಪಾಕಿಸ್ತಾನದ ಮಾಜಿ ಪ್ರಧಾನಿ ಜುಲ್ಫಿಕರ್ ಅಲಿ ಭುಟ್ಟೋ ಅವರನ್ನು ಏಪ್ರಿಲ್ 4ರ ನಸುಕಿನಲ್ಲಿ ರಾವಲ್ಪಿಂಡಿಯ ಜೈಲಿನಲ್ಲಿ ಗಲ್ಲಿಗೇರಿಸಿದರು. ಏಳು ನ್ಯಾಯಾಧೀಶರಲ್ಲಿ ನಾಲ್ವರು ಶಿಕ್ಷೆ ಎತ್ತಿಹಿಡಿದಿದ್ದರು, ಮೂವರು ಬೇಡ ಅಂದಿದ್ದರು. ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲ ಅಂತ ಪಾಕಿಸ್ತಾನದ ಸುಪ್ರೀಂ ಕೋರ್ಟೇ 2024ರಲ್ಲಿ ಹೇಳಿದೆ. ಅಮೀನ್ ಏಪ್ರಿಲ್‌ನಲ್ಲೇ ಉಗಾಂಡದ ರಾಜಧಾನಿ ಕಂಪಾಲ ಬಿಟ್ಟು ಓಡಿದ, ತಾಂಜಾನಿಯಾ ಸೇನೆ ಒಳಗೆ ಬಂದಿತ್ತು. 1972ರಲ್ಲಿ ಉಗಾಂಡದ ಭಾರತೀಯರಿಗೆ 90 ದಿನದ ಗಡುವು ಕೊಟ್ಟು ಹೊರಗಟ್ಟಿದವನು ಇವನೇ. ಸೌದಿಯಲ್ಲಿ ಹಾಯಾಗಿ ಬದುಕಿ 2003ರಲ್ಲಿ ಸತ್ತ.

ಪ್ರಶ್ನೆ: ಮೆಕ್ಕಾ ಮಸೀದಿಯನ್ನು ಯಾರು ಹಿಡಿದಿದ್ದರು? ನಮ್ಮ ಮನೆಯಲ್ಲಿ ಹಿರಿಯರು ಆ ವಿಷಯ ಸರಿಯಾಗಿ ಹೇಳುವುದಿಲ್ಲ. — ಓದುಗರೊಬ್ಬರು, ಕಲಬುರಗಿ

ನವೆಂಬರ್ 20. ಹಿಜರಿ 1400ನೇ ವರ್ಷದ ಮೊದಲ ದಿನ. ಜುಹೈಮಾನ್ ಅಲ್-ಒತೈಬಿ ಅನ್ನುವವನು ನೂರಾರು ಶಸ್ತ್ರಧಾರಿಗಳ ಜೊತೆ ಬೆಳಗಿನ ನಮಾಜಿನ ಹೊತ್ತಿಗೆ ದೊಡ್ಡ ಮಸೀದಿಯನ್ನು ಹಿಡಿದ. ತನ್ನ ಭಾವಮೈದುನನೇ ಮಹ್ದಿ, ಅಂದರೆ ಲೋಕದ ಕೊನೆಗಾಲಕ್ಕೆ ಬರುವ ರಕ್ಷಕ, ಅಂತ ಸಾರಿದ. ಸೌದಿ ಅರಸರು ದಾರಿ ತಪ್ಪಿದ್ದಾರೆ ಅನ್ನುವುದು ಅವರ ದೂರು. ಮುತ್ತಿಗೆ ಮುಗಿಯಲು ಎರಡು ವಾರ ಬೇಕಾಯಿತು. ಯಾತ್ರಿಕರು, ಸೈನಿಕರು ಸೇರಿ ನೂರಾರು ಜನ ಸತ್ತರು. ಜನವರಿಯಲ್ಲಿ 63 ಜನರ ತಲೆ ತೆಗೆಸಿದರು. ಆಮೇಲೆ ಸೌದಿ ಸರ್ಕಾರ ಧರ್ಮಗುರುಗಳ ಬಿಗಿ ನಿಯಮಗಳಿಗೆ ಇನ್ನಷ್ಟು ಜಾಗ ಬಿಟ್ಟುಕೊಟ್ಟಿತು.

ಹಿರಿಯರು ಹೇಳದಿರಲು ಒಂದು ಕಾರಣ ಇರಬಹುದು. ಆಗ ಸುದ್ದಿಯೇ ಸರಿಯಾಗಿ ಹೊರಬರಲಿಲ್ಲ. ಸೌದಿ ಹೊರಗಿನ ಸಂಪರ್ಕ ಕಡಿದಿತ್ತು. ಹಿಂದೆ ಅಮೆರಿಕ, ಇಸ್ರೇಲ್ ಇವೆ ಅನ್ನುವ ಆರೋಪ ಖೊಮೇನಿಯ ಕಡೆಯಿಂದ ರೇಡಿಯೋದಲ್ಲಿ ಹರಡಿತು. ಮಾರನೇ ದಿನವೇ ಇಸ್ಲಾಮಾಬಾದಿನಲ್ಲಿ ಗುಂಪು ಸೇರಿ ಅಮೆರಿಕನ್ ರಾಯಭಾರ ಕಚೇರಿಗೆ ಬೆಂಕಿ ಹಚ್ಚಿತು. ಅಲ್ಲಿನ ಸಿಬ್ಬಂದಿಯಲ್ಲಿ ನಾಲ್ವರು ಸತ್ತರು. ಇಬ್ಬರು ಅಮೆರಿಕದವರು, ಇಬ್ಬರು ಪಾಕಿಸ್ತಾನದವರೇ. ಸುಳ್ಳು ಸುದ್ದಿ ಹರಡಲು ಆಗ ಮೊಬೈಲ್ ಬೇಕಿರಲಿಲ್ಲ.

ಪ್ರಶ್ನೆ: ರಷ್ಯಾದವರು ಅಫ್ಘಾನಿಸ್ತಾನಕ್ಕೆ ಯಾಕೆ ಹೋದರು? — ಓದುಗರೊಬ್ಬರು, ಶಿವಮೊಗ್ಗ

ಅವರಿಗೂ ಮೊದಲು ಮನಸ್ಸಿರಲಿಲ್ಲ. 1978ರಲ್ಲಿ ಕಾಬೂಲಿನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಿದ್ದರು. 1979ರ ಮಾರ್ಚ್‌ನಲ್ಲಿ ಹೆರಾತ್ ನಗರ ಅವರ ವಿರುದ್ಧ ದಂಗೆ ಎದ್ದಿತು. ಅಧ್ಯಕ್ಷ ತರಾಕಿ ಸೈನ್ಯ ಕಳಿಸಿ ಅಂತ ಮಾಸ್ಕೋಗೆ ಅಂಗಲಾಚಿದ. ಮಾಸ್ಕೋ "ಆಗುವುದಿಲ್ಲ" ಅಂದಿತು. ನಮ್ಮ ಸೈನ್ಯ ಬಂದರೆ ನಿಮ್ಮ ಜನರ ಜೊತೆಗೇ ಹೋರಾಡಬೇಕಾಗುತ್ತದೆ ಅಂತ ಪ್ರಧಾನಿ ಕೊಸಿಗಿನ್ ತಿಳಿಹೇಳಿದ್ದು ದಾಖಲೆಯಲ್ಲಿದೆ. ಅದು ಸರಿಯಾದ ಬುದ್ಧಿ. ಒಂಬತ್ತು ತಿಂಗಳಲ್ಲಿ ಆ ಬುದ್ಧಿಯನ್ನು ಬಿಟ್ಟರು. ಹಫೀಜುಲ್ಲಾ ಅಮೀನ್ ತರಾಕಿಯನ್ನು ಕೊಲ್ಲಿಸಿ ತಾನೇ ಅಧ್ಯಕ್ಷನಾದ. ಅವನು ಅಮೆರಿಕದ ಕಡೆ ವಾಲಿಯಾನು ಅಂತ ಮಾಸ್ಕೋಗೆ ಅನುಮಾನ. ಡಿಸೆಂಬರ್ 27ಕ್ಕೆ ಸೋವಿಯತ್ ಪಡೆ ಅವನ ಅರಮನೆಗೇ ನುಗ್ಗಿ ಕೊಂದು, ಬಬ್ರಕ್ ಕಾರ್ಮಲ್‌ನನ್ನು ಕೂರಿಸಿತು.

ವಾಪಸ್ ಹೋದದ್ದು 1989ರ ಫೆಬ್ರುವರಿಯಲ್ಲಿ. ಸೋವಿಯತ್ ಸೈನಿಕರು ಸುಮಾರು 15,000 ಸತ್ತರು. ಅಫ್ಘನ್ನರು ಲಕ್ಷಲಕ್ಷ. ಐವತ್ತು ಲಕ್ಷಕ್ಕೂ ಮಿಕ್ಕಿ ಜನ ಊರು ಬಿಟ್ಟು ಪಾಕಿಸ್ತಾನ, ಇರಾನಿಗೆ ಹೋದರು.

ಕ್ರೀಡೆ ಇಷ್ಟಪಡುವವರಿಗೆ ಒಂದು ಮಾತು. ಈ ದಾಳಿಯ ಕಾರಣಕ್ಕೆ ಅಮೆರಿಕ ಮತ್ತು ಅನೇಕ ದೇಶಗಳು 1980ರ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿದವು. ಭಾರತ ಹೋಯಿತು, ಹಾಕಿ ಚಿನ್ನ ಗೆದ್ದಿತು. ಆ ತಂಡದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಪಾಕಿಸ್ತಾನ, ಆಸ್ಟ್ರೇಲಿಯಾ, ಪಶ್ಚಿಮ ಜರ್ಮನಿ ಹಾಕಿ ಆಡಲು ಬಂದಿರಲಿಲ್ಲ ಅನ್ನುವುದು ನಿಜ. ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 4-3ರಲ್ಲಿ ಗೆದ್ದದ್ದೂ ಅಷ್ಟೇ ನಿಜ.

ಪ್ರಶ್ನೆ: ಬರೀ ಸಾವು ನೋವೇ ಆಯಿತು. ಆ ವರ್ಷ ಒಳ್ಳೆಯ ಸುದ್ದಿ ಒಂದೂ ಇರಲಿಲ್ಲವೇ? — ನಿವೃತ್ತ ಆರೋಗ್ಯ ಸಹಾಯಕಿ, ದಾವಣಗೆರೆ

ಇತ್ತು ಅಮ್ಮಾ, ಅದರಲ್ಲಿ ನಿಮ್ಮಂಥವರ ಪಾಲೇ ದೊಡ್ಡದು. ಮದರ್ ತೆರೇಸಾ ಅವರಿಗೆ ನೊಬೆಲ್ ಬಂದ ವಾರವೇ ಇನ್ನೊಂದು ಸುದ್ದಿ ಬಂತು. 1979ರ ಡಿಸೆಂಬರ್ 9ಕ್ಕೆ ಜಿನೀವಾದಲ್ಲಿ ತಜ್ಞರು ಒಂದು ಕಾಗದಕ್ಕೆ ಸಹಿ ಹಾಕಿದರು. ಭೂಮಿಯ ಮೇಲೆ ಸಿಡುಬು ಇಲ್ಲ ಅಂತ. ಇಪ್ಪತ್ತನೇ ಶತಮಾನ ಒಂದರಲ್ಲೇ 30 ಕೋಟಿ ಜನರನ್ನು ಕೊಂದಿದೆ ಅಂತ ಅಂದಾಜಿಸುವ ರೋಗ ಅದು. ನಮ್ಮ ಪೇಪರಿನಲ್ಲಿ ಅದು ಒಳಪುಟದಲ್ಲಿ ಬಂತು. ಮುಖಪುಟದ ತುಂಬ ಟೆಹರಾನ್ ಇತ್ತು. ನನ್ನನ್ನು ಕೇಳಿದರೆ ಆ ವರ್ಷದ ಅತಿ ದೊಡ್ಡ ಸುದ್ದಿ ಸಿಡುಬಿನದ್ದು.

ಮಾಡಿದವರು ಯಾರು? ಎರಡು ಕವಲಿನ ಸಣ್ಣ ಸೂಜಿ ಹಿಡಿದು ಹಳ್ಳಿಹಳ್ಳಿ ನಡೆದವರು. ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡ್ ತೋರಿಸಿ "ಇಂಥವರು ಯಾರಾದರೂ ಇದ್ದಾರಾ?" ಅಂತ ಮನೆಮನೆಯಲ್ಲಿ ಕೇಳಿದವರು. ಒಬ್ಬ ರೋಗಿ ಸಿಕ್ಕರೆ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ದಾರಿ ಕಟ್ಟಿದವರು. 1974ರಲ್ಲಿ ಬಿಹಾರದಲ್ಲಿ ಸಿಡುಬು ಭೀಕರವಾಗಿತ್ತು. ಮರುವರ್ಷವೇ ಭಾರತದ ಕೊನೆಯ ರೋಗಿ ಗುಣವಾದರು. ಜಗತ್ತಿನಲ್ಲಿ ಸಹಜವಾಗಿ ಸಿಡುಬು ತಗುಲಿದ ಕೊನೆಯ ವ್ಯಕ್ತಿ ಸೊಮಾಲಿಯಾದ ಅಲಿ ಮಾವ್ ಮಾಲಿನ್, ಆಸ್ಪತ್ರೆಯ ಅಡುಗೆಯವರು, 1977ರಲ್ಲಿ. ಅವರು ಬದುಕಿದರು. ಮುಂದೆ ತಮ್ಮ ದೇಶದಲ್ಲಿ ಪೋಲಿಯೋ ಲಸಿಕೆ ಹಾಕಿಸಿ ಅಂತ ತಾಯಂದಿರಿಗೆ ಹೇಳುತ್ತಾ ತಿರುಗಿದರು. ಅಮೆರಿಕ ಮತ್ತು ಸೋವಿಯತ್ ಎಲ್ಲ ಕಡೆ ಕಿತ್ತಾಡುತ್ತಿದ್ದ ಕಾಲದಲ್ಲಿ ಇದೊಂದರಲ್ಲಿ ಜೊತೆಗಿದ್ದವು. ಸೋವಿಯತ್ ಲಸಿಕೆ ಕೊಟ್ಟಿತು, ಅಮೆರಿಕ ವೈದ್ಯರನ್ನು ಕಳಿಸಿತು.

ನೀವು ಆಗ ಎಲ್ಲಿ ಕೆಲಸ ಮಾಡುತ್ತಿದ್ದಿರಿ, ಯಾವ ಊರುಗಳಿಗೆ ಹೋಗಿದ್ದಿರಿ ಅಂತ ವಿವರವಾಗಿ ಬರೆದು ಕಳಿಸಿ. ಈ ಅಂಕಣದಲ್ಲಿ ಪೂರ್ತಿ ಹಾಕುತ್ತೇನೆ. ನಿಮ್ಮ ಜೊತೆ ದುಡಿದವರು ಇದ್ದರೆ ಅವರಿಂದಲೂ ಬರೆಸಿ.

ಪ್ರಶ್ನೆ: ನಮ್ಮ ಅಮ್ಮನ ತೋಳಿನಲ್ಲಿ ದೊಡ್ಡ ದುಂಡು ಕಲೆ ಇದೆ, ನನ್ನ ತೋಳಿನಲ್ಲೂ ಒಂದು ಚಿಕ್ಕದಿದೆ. ನಾನು ಹುಟ್ಟಿದ್ದು 1990ರಲ್ಲಿ. ನನ್ನದೂ ಸಿಡುಬಿನದ್ದೇ? — ಓದುಗರೊಬ್ಬರು, ಚಿತ್ರದುರ್ಗ

ಅಲ್ಲ. ರೋಗವೇ ಹೋದ ಮೇಲೆ ಸಿಡುಬಿನ ಲಸಿಕೆಯನ್ನೂ ನಿಲ್ಲಿಸಿದರು. ನಿಮ್ಮದು ಬಿಸಿಜಿ, ಕ್ಷಯಕ್ಕೆ ಹುಟ್ಟಿದ ಕೂಡಲೇ ಹಾಕುವುದು. ಅಮ್ಮನಿಗೆ ಅವರ ಕಲೆ ಯಾವಾಗ, ಎಲ್ಲಿ ಆದದ್ದು ಅಂತ ಕೇಳಿ.